ಪ್ರವಾಸದಲ್ಲಿ ಊಟದ ಖರ್ಚು ಇಳಿಸುವುದು ಹೇಗೆ? ರೂಮ್ ಬುಕ್ ಮಾಡುವಲ್ಲಿಂದ ಬಿಲ್ ಕಟ್ಟುವವರೆಗೆ

ವಿಮಾನದ ಟಿಕೆಟ್‌ಗೆ ನಾವು ವಾರಗಟ್ಟಲೆ ಬೆಲೆ ನೋಡುತ್ತೇವೆ. ರೂಮಿಗೆ ನಾಲ್ಕು ಆ್ಯಪ್ ತೆರೆದು ಹೋಲಿಸುತ್ತೇವೆ. ಊಟದ ಮಾತು ಬಂದರೆ ಮಾತ್ರ ‘ಅಲ್ಲಿಗೆ ಹೋಗಿ ನೋಡಿಕೊಂಡರಾಯಿತು’ ಅಂತ ಬಿಟ್ಟುಬಿಡುತ್ತೇವೆ. ಟಿಕೆಟ್ ಒಂದು ಸಲದ ಖರ್ಚು. ಊಟ ಹಾಗಲ್ಲ, ದಿನಕ್ಕೆ ಮೂರು ಹೊತ್ತು, ಜೊತೆಗಿರುವ ಎಲ್ಲರಿಗೂ. ಊರಿಗೆ ವಾಪಸ್ ಬಂದು ಕಾರ್ಡಿನ ಸ್ಟೇಟ್‌ಮೆಂಟ್ ನೋಡಿದಾಗ ‘ಇಷ್ಟೆಲ್ಲಾ ತಿಂದ್ವಾ?’ ಅನ್ನಿಸುವುದು ಅದಕ್ಕೇ.

ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಊರು ಸುತ್ತಿ ಅಂತ ಹೇಳುವ ಬರಹ ಇದಲ್ಲ. ಅಷ್ಟು ದೂರ ಹೋಗಿ ಅಲ್ಲಿನ ಊಟ ಸವಿಯದೆ ಬಂದರೆ ಹೋಗಿದ್ದಕ್ಕೆ ಏನು ಬಂತು? ನನ್ನ ಮಾತು ಇಷ್ಟೇ: ಬಿಲ್ ಊದಿಕೊಳ್ಳುವುದು ಬಹಳ ಸಲ ತಟ್ಟೆಯಲ್ಲಿರುವ ಊಟದಿಂದಲ್ಲ. ನೀವು ತಿಂದ ಹೊತ್ತು, ಕೂತ ಜಾಗ, ಜೊತೆಗೆ ಕುಡಿದದ್ದು, ಕೇಳದೆ ಮೇಜಿಗೆ ಬಂದದ್ದು, ಕೊನೆಗೆ ಸೇರಿಕೊಂಡ ಚಾರ್ಜು, ಇವೆಲ್ಲ ಸೇರಿ ಊದಿಸುತ್ತವೆ. ಇವನ್ನು ಒಂದೊಂದಾಗಿ ಹಿಡಿದರೆ ಅದೇ ಊಟವನ್ನು ಎಷ್ಟೋ ಕಡಿಮೆಗೆ ಉಣ್ಣಬಹುದು.

ಹಂತ 1: ರೂಮ್ ಬುಕ್ ಮಾಡುವಾಗಲೇ ಊಟದ ಲೆಕ್ಕ ಹಾಕಿ

ಬುಕಿಂಗ್ ಪುಟದಲ್ಲಿ ಸಾಮಾನ್ಯವಾಗಿ ಎರಡು ದರ ಇರುತ್ತವೆ. ಒಂದು ಬೆಳಗಿನ ತಿಂಡಿ ಸೇರಿ, ಇನ್ನೊಂದು ತಿಂಡಿ ಬಿಟ್ಟು. ಎರಡರ ವ್ಯತ್ಯಾಸವನ್ನು ತಲೆಗೆ ಎಷ್ಟು ಅಂತ ಭಾಗಿಸಿ ನೋಡಿ. ಹೊರಗೆ ಒಂದು ಕಾಫಿ, ಒಂದು ತಿಂಡಿಗೆ ಆಗುವುದಕ್ಕಿಂತ ಅದು ಸ್ವಲ್ಪ ಜಾಸ್ತಿ ಇದ್ದರೂ, ಹೊಟ್ಟೆತುಂಬ ಬಡಿಸಿಕೊಳ್ಳುವ ಬಫೆ ಆಗಿದ್ದರೆ ತಗೊಳ್ಳಿ. ಬೆಳಿಗ್ಗೆ ಗಟ್ಟಿಯಾಗಿ ತಿಂದರೆ ಮಧ್ಯಾಹ್ನ ಎರಡರವರೆಗೂ ಚಿಂತೆ ಇಲ್ಲ. ಆದರೆ ಬೆಳಿಗ್ಗೆ ಆರಕ್ಕೇ ಹೊರಡುವವರು, ಬೆಳಿಗ್ಗೆ ಏನೂ ಸೇರದವರು ಸುಮ್ನೆ ಯಾಕೆ ದುಡ್ಡು ಕೊಡಬೇಕು? ಮಕ್ಕಳಿಗೆ ತಿಂಡಿ ಉಚಿತವಾ ಅಂತಲೂ ಕೇಳಿ. ಇಷ್ಟು ವಯಸ್ಸಿನವರೆಗೆ ಉಚಿತ ಅನ್ನುವ ನಿಯಮ ಬಹಳ ಕಡೆ ಇರುತ್ತದೆ, ಬುಕಿಂಗ್ ಪುಟದಲ್ಲಿ ಮಾತ್ರ ಕಾಣಿಸುವುದಿಲ್ಲ.

ಮೂರು ದಿನಕ್ಕಿಂತ ಹೆಚ್ಚು ಒಂದೇ ಊರಲ್ಲಿ ಇರುವುದಾದರೆ ಸಣ್ಣ ಅಡುಗೆಮನೆ ಇರುವ ಜಾಗ ನೋಡಿ. ನೀವು ಅಲ್ಲಿ ದಿನಾ ಅಡುಗೆ ಮಾಡುವುದಿಲ್ಲ, ನನಗೂ ಗೊತ್ತು. ರಜೆಯಲ್ಲಿ ಯಾರಿಗೆ ಬೇಕು ಆ ಕೆಲಸ? ಆದರೆ ಒಂದು ಫ್ರಿಜ್, ಒಂದು ಕೆಟಲ್ ಇದ್ದರೂ ಸಾಕು. ಹಾಲು, ಹಣ್ಣು, ಮೊಸರು ತಂದಿಟ್ಟುಕೊಂಡರೆ ಬೆಳಗಿನ ಖರ್ಚು ಮುಗಿಯಿತು. ನಿನ್ನೆ ಪಾರ್ಸೆಲ್ ಮಾಡಿಸಿಕೊಂಡು ಬಂದದ್ದನ್ನು ಇಡುವುದಕ್ಕೂ ಜಾಗ ಸಿಗುತ್ತದೆ.

ಮ್ಯಾಪ್‌ನಲ್ಲಿ ರೂಮಿನ ಹತ್ತಿರದ ಸೂಪರ್‌ಮಾರ್ಕೆಟ್ ಗುರುತು ಮಾಡಿಕೊಳ್ಳಿ. ಅದು ತೆರೆದಿರುವ ಸಮಯವನ್ನೂ ನೋಡಿ. ಜರ್ಮನಿಯಲ್ಲಿ ಭಾನುವಾರ ಸೂಪರ್‌ಮಾರ್ಕೆಟ್‌ಗಳು ಬಾಗಿಲು ಹಾಕಿರುತ್ತವೆ. ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಗಳು ಮಾತ್ರ ತೆರೆದಿರುತ್ತವೆ. ಶನಿವಾರ ರಾತ್ರಿ ಇಳಿಯುವವರಿಗೆ ಇದು ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಹಂತ 2: ದಿನದ ದೊಡ್ಡ ಊಟವನ್ನು ಮಧ್ಯಾಹ್ನಕ್ಕೆ ಹಾಕಿಕೊಳ್ಳಿ

ಈ ಬರಹದಲ್ಲಿ ಒಂದೇ ಒಂದು ಸಲಹೆ ಪಾಲಿಸುತ್ತೀರಿ ಅಂದರೆ ಇದನ್ನೇ ಪಾಲಿಸಿ.

ಅದೇ ರೆಸ್ಟೋರೆಂಟ್, ಅದೇ ಅಡುಗೆಯವರು, ಮೇಜೂ ಅದೇ. ಮಧ್ಯಾಹ್ನ ಒಂದು ಬೆಲೆ, ರಾತ್ರಿ ಇನ್ನೊಂದು. ಕಾರಣ ಸರಳ. ರಾತ್ರಿ ಜನ ತಾವಾಗಿಯೇ ಬರುತ್ತಾರೆ, ನಿಧಾನವಾಗಿ ಕೂತು ಖರ್ಚು ಮಾಡುತ್ತಾರೆ. ಮಧ್ಯಾಹ್ನ ಬರುವವರು ಆಸುಪಾಸಿನ ಆಫೀಸಿನವರು. ಅವರಿಗೆ ಬೇಗ ಆಗಬೇಕು, ದಿನಾ ಕೈಗೆಟುಕಬೇಕು. ಹಾಗಾಗಿ ಮಧ್ಯಾಹ್ನಕ್ಕೆ ಒಂದು ಕಟ್ಟು ಬೆಲೆಯ ಊಟ ಇಡುತ್ತಾರೆ. ಇದಕ್ಕೆ ಊರೂರಿಗೆ ಒಂದೊಂದು ಹೆಸರು. ಆ ಹೆಸರು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ಸ್ಪೇನ್‌ನಲ್ಲಿ ಅದು ‘ಮೆನು ದೆಲ್ ದಿಯಾ’. 1960ರ ದಶಕದಲ್ಲಿ ಸರ್ಕಾರವೇ ಪ್ರವಾಸಿಗರಿಗಾಗಿ ಕಡ್ಡಾಯ ಮಾಡಿದ ಪದ್ಧತಿ ಇದು. ಈಗ ಅಲ್ಲಿಯವರೇ ಹೆಚ್ಚು ಉಣ್ಣುತ್ತಾರೆ. ಮೊದಲ ತಟ್ಟೆ, ಎರಡನೇ ತಟ್ಟೆ, ಬ್ರೆಡ್, ಕುಡಿಯಲು ಏನಾದರೂ, ಕೊನೆಗೆ ಸಿಹಿ ಅಥವಾ ಕಾಫಿ, ಎಲ್ಲಾ ಒಂದೇ ಬೆಲೆಗೆ. ಆದರೆ ಅದು ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರದವರೆಗೆ, ಮಧ್ಯಾಹ್ನ ಮಾತ್ರ. ಹೊರಗೆ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿರುತ್ತಾರೆ. ಒಳಗೆ ಕೂತ ಮೇಲೆ ನಿಮ್ಮ ಕೈಗೆ ಕೊಡುವ ದಪ್ಪ ಮೆನುವಿನಲ್ಲಿ ಅದು ಇಲ್ಲದೆಯೂ ಇರಬಹುದು. ಬಾಯಿಬಿಟ್ಟು ಕೇಳಬೇಕು.

ಫ್ರಾನ್ಸ್‌ನಲ್ಲಿ ‘ಫಾರ್ಮ್ಯೂಲ್’ ಅಂತ ನೋಡಿ. ಆರಂಭದ ತಟ್ಟೆ ಮತ್ತು ಮುಖ್ಯ ತಟ್ಟೆ, ಇಲ್ಲವೇ ಮುಖ್ಯ ತಟ್ಟೆ ಮತ್ತು ಸಿಹಿ. ಸ್ವೀಡನ್‌ನಲ್ಲಿ ‘ದಾಗೆನ್ಸ್ ಲುಂಚ್’, ಫಿನ್‌ಲ್ಯಾಂಡ್‌ನಲ್ಲಿ ‘ಲೌನಸ್’. ಉತ್ತರ ಯುರೋಪ್‌ನ ಈ ದುಬಾರಿ ದೇಶಗಳಲ್ಲಿ ಮಧ್ಯಾಹ್ನದ ಊಟಕ್ಕೆ ಸಲಾಡ್, ಬ್ರೆಡ್, ಕಾಫಿ ಬಹುತೇಕ ಸೇರಿಯೇ ಇರುತ್ತವೆ. ಜಪಾನ್‌ನಲ್ಲಿ ‘ತೇಶೋಕು’, ಅಂದರೆ ಅನ್ನ, ಸೂಪು, ಒಂದು ಮುಖ್ಯ ಪದಾರ್ಥ, ಉಪ್ಪಿನಕಾಯಿ ಸೇರಿದ ತಟ್ಟೆ. ರಾತ್ರಿ ಕಾಲಿಡಲು ಹೆದರಿಕೆ ಆಗುವಂಥ ಟೋಕಿಯೋದ ಎಷ್ಟೋ ರೆಸ್ಟೋರೆಂಟ್‌ಗಳು ಮಧ್ಯಾಹ್ನದ ಸೆಟ್‌ನಲ್ಲಿ ಆರಾಮಾಗಿ ಕೈಗೆಟುಕುತ್ತವೆ.

ಒಂದು ಎಚ್ಚರಿಕೆ. ಮಧ್ಯಾಹ್ನದ ಊಟಕ್ಕೆ ಗಡಿಯಾರ ಇರುತ್ತದೆ. ಫ್ರಾನ್ಸ್‌ನ ಸಣ್ಣ ಊರುಗಳಲ್ಲಿ ಎರಡು ಗಂಟೆಗೆ ಅಡುಗೆಮನೆ ಮುಚ್ಚಿತು ಅಂದರೆ ಮುಚ್ಚಿತು. ಸ್ಪೇನ್‌ನಲ್ಲಿ ತದ್ವಿರುದ್ಧ, ಒಂದೂವರೆಗೆ ಮುಂಚೆ ಹೋದರೆ ನೀವೊಬ್ಬರೇ ಕೂತಿರುತ್ತೀರಿ. ಮ್ಯೂಸಿಯಂ, ಕೋಟೆ ಸುತ್ತುವ ಪ್ಲಾನ್ ಮಾಡುವಾಗ ಈ ಹೊತ್ತನ್ನು ಮೊದಲು ಖಾಲಿ ಇಟ್ಟುಕೊಂಡು ಉಳಿದದ್ದನ್ನು ಸುತ್ತ ಜೋಡಿಸಿ. ಮೂರೂವರೆಗೆ ಹಸಿದು ಸೋತು ಎದುರಿಗೆ ಕಂಡ ಮೊದಲ ಬಾಗಿಲಿಗೆ ನುಗ್ಗುವುದೇ ಪ್ರವಾಸದ ಅತಿ ದುಬಾರಿ ಊಟ. ಬ್ಯಾಗಿನಲ್ಲಿ ಒಂದು ಪೊಟ್ಟಣ ಕಡಲೆಬೀಜವೋ ಬಿಸ್ಕತ್ತೋ ಇದ್ದರೆ ಆ ಗಳಿಗೆ ದಾಟುತ್ತದೆ.

ಹಂತ 3: ಜಾಗ ಹುಡುಕುವ ಬಗೆ

ಪ್ರಸಿದ್ಧ ಚೌಕ, ಚರ್ಚು, ಕಡಲತೀರದ ಎದುರಿನ ಮೇಜಿಗೆ ನೀವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಆ ಅಂಗಡಿಯ ಬಾಡಿಗೆಗೆ ಹೋಗುತ್ತದೆ. ಅಲ್ಲಿ ಮತ್ತೆ ಬರುವ ಗಿರಾಕಿ ಕಡಿಮೆ, ಹಾಗಾಗಿ ರುಚಿಯ ಬಗ್ಗೆ ತಲೆ ಕೆಡಿಸಿಕೊಳ್ಳುವವರೂ ಕಡಿಮೆ. ಎರಡು ಮೂರು ಬೀದಿ ಒಳಗೆ ನಡೆಯಿರಿ. ಬಾಗಿಲಲ್ಲಿ ನಿಂತು ಕೈಹಿಡಿದು ಕರೆಯುವ ಕಡೆ, ಆರು ಭಾಷೆಯ ಮೆನುವಿನ ಮೇಲೆ ಬಣ್ಣ ಮಾಸಿದ ಫೋಟೋ ಅಂಟಿಸಿರುವ ಕಡೆ ಮುಂದೆ ಸಾಗಿ. ಫೋಟೋ ಇದ್ದ ಮಾತ್ರಕ್ಕೆ ಕೆಟ್ಟದ್ದೇನಲ್ಲ. ಜಪಾನ್‌ನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಊಟದ ಮಾದರಿ ಇಡುವುದು ಒಳ್ಳೆಯ ಕಡೆಯೂ ಉಂಟು, ಭಾಷೆ ಬಾರದವರಿಗೆ ಅದು ವರ.

ಮ್ಯಾಪ್‌ನಲ್ಲಿ ಹುಡುಕುವಾಗ ಸ್ಟಾರ್ ಎಣಿಸುವುದನ್ನು ಬಿಡಿ. ರಿವ್ಯೂಗಳನ್ನು ಹೊಸದು ಮೊದಲು ಬರುವ ಹಾಗೆ ಜೋಡಿಸಿ. ಜನ ಹಾಕಿರುವ ಫೋಟೋಗಳಲ್ಲಿ ಮೆನುವಿನ ಫೋಟೋ ಹುಡುಕಿ, ಅದರ ತಾರೀಖು ನೋಡಿ. ಮೂರು ವರ್ಷ ಹಳೆಯ ಮೆನು ನಂಬಿ ಹೋದರೆ ಬೆಲೆ ನೋಡಿ ಎದೆ ಧಸಕ್ ಅನ್ನುತ್ತದೆ. ಅಲ್ಲಿಯ ಭಾಷೆಯಲ್ಲೇ ಬರೆದ ರಿವ್ಯೂಗಳು ಜಾಸ್ತಿ ಇದ್ದರೆ ಒಳ್ಳೆಯ ಸೂಚನೆ, ಅನುವಾದದ ಗುಂಡಿ ಒತ್ತಿದರೆ ಓದಲೂ ಬರುತ್ತದೆ.

ಇನ್ನು ಕೆಲವು ಗುರುತುಗಳು. ರೆಸ್ಟೋರೆಂಟ್‌ಗಳಿಗೆ ಸ್ಟಾರ್ ಕೊಡುವ ಮಿಶೆಲಿನ್ ಗೈಡ್ ಅಂದ ತಕ್ಷಣ ಜೇಬು ಖಾಲಿ ಅಂದುಕೊಳ್ಳುತ್ತೇವೆ. ಆದರೆ ಅದೇ ಗೈಡ್ 1997ರಿಂದ ‘ಬಿಬ್ ಗೂರ್ಮಾಂ’ ಅಂತ ಬೇರೆಯದೇ ಒಂದು ಪಟ್ಟಿ ಕೊಡುತ್ತಿದೆ, ಹದವಾದ ಬೆಲೆಗೆ ಒಳ್ಳೆಯ ಊಟ ಕೊಡುವ ಕಡೆಗಳದ್ದು. ಗೈಡ್‌ನ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ಸಿಂಗಪುರದಂಥ ದುಬಾರಿ ಊರಲ್ಲಿ ಹಾಕರ್ ಸೆಂಟರ್‌ಗಳಿವೆ. ಒಂದೇ ಚಾವಣಿ ಕೆಳಗೆ ಹತ್ತಾರು ಅಂಗಡಿ, ಮಧ್ಯೆ ಎಲ್ಲರಿಗೂ ಸೇರಿದ ಮೇಜುಗಳು. 2020ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದ ಸಂಸ್ಕೃತಿ ಅದು. ನ್ಯೂಯಾರ್ಕ್‌ನಲ್ಲಿ 1992ರಲ್ಲಿ ಶುರುವಾದ ರೆಸ್ಟೋರೆಂಟ್ ವೀಕ್‌ನ ಮಾದರಿ ಈಗ ಎಷ್ಟೋ ಊರುಗಳಲ್ಲಿದೆ. ಆ ದಿನಗಳಲ್ಲಿ ದೊಡ್ಡ ಹೆಸರಿನ ಕಡೆಯೂ ಕಟ್ಟು ಬೆಲೆಯ ಊಟ ಇರುತ್ತದೆ. ನಿಮ್ಮ ತಾರೀಖಿಗೆ ಹೊಂದಿದರೆ ಬಿಡಬೇಡಿ.

ಬೀದಿ ಬದಿ ತಿನ್ನುವಾಗ ಗಿರಾಕಿಗಳ ಸಾಲು ನೋಡಿ, ಎದುರಿಗೇ ಬಿಸಿಬಿಸಿ ಮಾಡಿಕೊಡುತ್ತಾರಾ ನೋಡಿ. ಹೊಟ್ಟೆ ಕೆಟ್ಟು ಒಂದು ದಿನ ರೂಮಿನಲ್ಲಿ ಮಲಗಿದರೆ ಉಳಿಸಿದ್ದೆಲ್ಲ ಹೋಯಿತು.

ಹಂತ 4: ಕೂರುವ ಮುಂಚೆ ಮೆನುವಿನ ಸಣ್ಣ ಅಕ್ಷರ ಓದಿ

ಬಹಳಷ್ಟು ಊರುಗಳಲ್ಲಿ ಮೆನುವನ್ನು ಬಾಗಿಲ ಹೊರಗೇ ಹಾಕಿರುತ್ತಾರೆ. ಪದಾರ್ಥದ ಬೆಲೆಗಿಂತ ಮೊದಲು ಕೊನೆಯ ಪುಟದ ಕೆಳಗಿನ ಸಾಲು ನೋಡಿ.

ಸಿಂಗಪುರದಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು (++) ಕಾಣುತ್ತದೆ. ಅಂದರೆ ಸರ್ವಿಸ್ ಚಾರ್ಜೂ ತೆರಿಗೆಯೂ ಬೇರೆ. ಮೆನುವಿನಲ್ಲಿ 100 ಅಂತ ಇದ್ದರೆ ಶೇ. 10 ಸರ್ವಿಸ್ ಚಾರ್ಜ್ ಸೇರಿ 110. ಆ 110ರ ಮೇಲೆ 2024ರಿಂದ ಜಾರಿಯಲ್ಲಿರುವ ಶೇ. 9 ಜಿಎಸ್‌ಟಿ. ಕೈಯಿಂದ ಹೋಗುವುದು 119.90. ಅಮೆರಿಕದಲ್ಲೂ ಮೆನುವಿನ ಬೆಲೆ ಪೂರ್ತಿ ಬೆಲೆಯಲ್ಲ. ನ್ಯೂಯಾರ್ಕ್ ನಗರದಲ್ಲಿ 100ರ ಊಟಕ್ಕೆ ಶೇ. 8.875 ತೆರಿಗೆ, ಜೊತೆಗೆ ಆ 100ಕ್ಕೇ ರೂಢಿಯ ಶೇ. 20 ಟಿಪ್ ಸೇರಿದರೆ 129ರ ಹತ್ತಿರ. ಫ್ರಾನ್ಸ್‌ನಲ್ಲಿ ತೆರಿಗೆಯೂ ಸರ್ವಿಸೂ ಮೆನುವಿನ ಬೆಲೆಯೊಳಗೇ ಇರುತ್ತವೆ, 100 ಅಂದರೆ 100. ಹಾಗಾಗಿ ಎರಡು ದೇಶಗಳ ಮೆನು ಬೆಲೆ ಹೋಲಿಸಿ ‘ಇಲ್ಲಿ ಅಗ್ಗ’ ಅನ್ನುವುದು ದಾರಿ ತಪ್ಪಿಸುತ್ತದೆ.

ಇಟಲಿಯಲ್ಲಿ ‘ಕೊಪೆರ್ತೋ’ ಅನ್ನುವ ಪದ ಹುಡುಕಿ. ಅದು ಕೂತಿದ್ದಕ್ಕೆ ತಲೆಗಿಷ್ಟು ಅಂತ ಹಾಕುವ ಚಾರ್ಜು. ನಾಲ್ಕು ಜನ ಬರೀ ಒಂದೊಂದು ಪಿಜ್ಜಾ ತಿಂದರೂ ನಾಲ್ಕು ಕೊಪೆರ್ತೋ ಸೇರುತ್ತದೆ. ಅಲ್ಲಿಯ ಕಾಫಿ ಬಾರ್‌ಗಳಲ್ಲಿ ಇನ್ನೊಂದು ವ್ಯವಸ್ಥೆ. ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ಬೆಲೆ, ಮೇಜಿಗೆ ತರಿಸಿಕೊಂಡರೆ ಬೇರೆ ಬೆಲೆ, ಪ್ರವಾಸಿ ಜಾಗಗಳಲ್ಲಿ ಅದು ದುಪ್ಪಟ್ಟಿಗೂ ಮೀರಬಹುದು. ವೆನಿಸ್‌ನ ಸೇಂಟ್ ಮಾರ್ಕ್ಸ್ ಚೌಕದ ಹಳೆಯ ಕೆಫೆಗಳಲ್ಲಿ ವಾದ್ಯಗೋಷ್ಠಿ ನಡೆಯುವಾಗ ಹೊರಗೆ ಕೂತರೆ ಸಂಗೀತಕ್ಕೂ ಬೇರೆ ಚಾರ್ಜ್ ಹಾಕುತ್ತಾರೆ. ಸಂಗೀತ ಕೇಳುವ ಆಸೆ ಇದ್ದರೆ ಕೊಡಿ, ತಪ್ಪೇನಿಲ್ಲ. ಬರೀ ಕಾಫಿ ಬೇಕಿದ್ದರೆ ನಿಂತೇ ಕುಡಿಯಿರಿ.

ಮೀನು ಆರ್ಡರ್ ಮಾಡುವವರು ಇಲ್ಲಿ ಸ್ವಲ್ಪ ನಿಲ್ಲಿ. ಇಟಲಿಯ ಮೆನುವಿನಲ್ಲಿ ಮೀನಿನ ಮುಂದೆ ‘ಎತ್ತೋ’ ಅಂತ ಇದ್ದರೆ ಆ ಬೆಲೆ 100 ಗ್ರಾಂಗೆ. ಇಡೀ ಮೀನು 800 ಗ್ರಾಂ ತೂಗಿದರೆ ಬಿಲ್ ಎಂಟು ಪಟ್ಟು. ‘ಎಸ್.ಕ್ಯೂ.’ ಅಂತಿದ್ದರೂ ತೂಕದ ಲೆಕ್ಕವೇ. ಗ್ರೀಸ್‌ನಲ್ಲಿ ಕಿಲೋ ಲೆಕ್ಕದಲ್ಲಿ ಬರೆಯುತ್ತಾರೆ. ಬೇಯಿಸುವ ಮುಂಚೆ ಮೀನನ್ನು ಎದುರಿಗೇ ತೂಗಿಸಿ, ಒಟ್ಟು ಎಷ್ಟಾಗುತ್ತದೆ ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ಸಂಕೋಚ ಬೇಡ. ಅಲ್ಲಿಯ ಜನವೂ ಹೀಗೇ ಕೇಳುತ್ತಾರೆ.

ಕೇಳದೆ ಮೇಜಿಗೆ ಬರುವ ತಟ್ಟೆಗಳದ್ದೇ ಒಂದು ಕಥೆ. ಪೋರ್ಚುಗಲ್‌ನಲ್ಲಿ ಕೂತ ಕೂಡಲೇ ಬ್ರೆಡ್, ಆಲಿವ್, ಚೀಸ್ ತಂದಿಡುತ್ತಾರೆ. ಅದು ಉಪಚಾರವಲ್ಲ, ‘ಕುವೆರ್’ ಅನ್ನುವ ಹೆಸರಲ್ಲಿ ಬಿಲ್ಲಿಗೆ ಬರುತ್ತದೆ. ನೀವು ಕೇಳದೇ ಇದ್ದು, ಮುಟ್ಟದೇ ಇದ್ದರೆ ಚಾರ್ಜ್ ಹಾಕುವ ಹಾಗಿಲ್ಲ ಅಂತ ಅಲ್ಲಿಯ 2015ರ ಕಾನೂನೇ ಹೇಳುತ್ತದೆ. ಬೇಡವಾದರೆ ನಗುತ್ತಾ ವಾಪಸ್ ಕಳಿಸಿ. ಜಪಾನ್‌ನ ಇಜಕಾಯಾಗಳಲ್ಲಿ, ಅಂದರೆ ಮದ್ಯದ ಜೊತೆ ಸಣ್ಣಪುಟ್ಟ ತಿನಿಸು ಕೊಡುವ ಕಡೆಗಳಲ್ಲಿ, ಮೊದಲು ಬರುವ ಪುಟ್ಟ ಬಟ್ಟಲಿಗೆ ‘ಓತೋಶಿ’ ಅಂತ ಹೆಸರು. ಅದು ಕೂತ ಜಾಗದ ಚಾರ್ಜ್ ಇದ್ದ ಹಾಗೆ, ಸಾಮಾನ್ಯವಾಗಿ ತಪ್ಪಿಸಿಕೊಳ್ಳಲು ಬರುವುದಿಲ್ಲ. ಆದರೆ ಅಲ್ಲಿ ಟಿಪ್ ಕೊಡುವ ರೂಢಿ ಇಲ್ಲ, ಅಲ್ಲಿಗೆ ಸಮ ಆಯಿತು ಅಂದುಕೊಳ್ಳಿ. ಕೊರಿಯಾದಲ್ಲಿ ಇನ್ನೂ ಮಜಾ. ಮೇಜಿನ ತುಂಬ ಬರುವ ಸಣ್ಣ ಬಟ್ಟಲುಗಳ ‘ಬಾಂಚಾನ್’ಗೆ ದುಡ್ಡಿಲ್ಲ, ಖಾಲಿಯಾದರೆ ಮತ್ತೆ ಕೇಳಿದರೂ ಕೊಡುತ್ತಾರೆ.

ಹಂತ 5: ಕುಡಿಯುವುದರ ಮೇಲೆ ಕಣ್ಣಿಡಿ

ರೆಸ್ಟೋರೆಂಟ್‌ಗಳು ಲಾಭ ಮಾಡಿಕೊಳ್ಳುವುದು ಮುಖ್ಯವಾಗಿ ಪಾನೀಯದಲ್ಲಿ. ಎರಡು ಸಾಫ್ಟ್ ಡ್ರಿಂಕ್, ಒಂದು ಬಾಟಲಿ ನೀರು ಸೇರಿದರೆ ಇನ್ನೊಂದು ತಟ್ಟೆ ಊಟದ ಬೆಲೆ ಆಗಿಬಿಡುತ್ತದೆ.

ಫ್ರಾನ್ಸ್‌ನಲ್ಲಿ ಬರೀ ‘ವಾಟರ್’ ಅಂದರೆ ಬಾಟಲಿ ಬಂದೀತು. ‘ಕರಾಫ್ ದೋ’ ಅಂತ ಕೇಳಿ, ನಲ್ಲಿ ನೀರಿನ ಹೂಜಿ ಉಚಿತವಾಗಿ ಬರುತ್ತದೆ. ಉಚಿತ ನೀರು ಕೇಳಬಹುದು ಅಂತ ಮೆನುವಿನಲ್ಲೇ ಕಾಣುವ ಹಾಗೆ ಹಾಕಬೇಕು ಅನ್ನುವ ನಿಯಮ 2022ರಿಂದ ಇದೆ. ಇಂಗ್ಲೆಂಡ್‌ನಲ್ಲಿ ಮದ್ಯದ ಲೈಸೆನ್ಸ್ ಇರುವ ಕಡೆ, ಕೇಳಿದ ಗಿರಾಕಿಗೆ ನಲ್ಲಿ ನೀರು ಉಚಿತವಾಗಿ ಕೊಡಲೇಬೇಕು. ಜಪಾನ್‌ನಲ್ಲಿ ಕೇಳುವ ಮುಂಚೆಯೇ ನೀರೋ ಚಹಾವೋ ಬಂದಿರುತ್ತದೆ. ಜರ್ಮನಿಯಲ್ಲಿ ಮಾತ್ರ ಈ ಆಸೆ ಇಟ್ಟುಕೊಳ್ಳಬೇಡಿ. ನೀರು ಅಂದರೆ ಅಲ್ಲಿ ಬಾಟಲಿಯೇ, ಅದೂ ಗ್ಯಾಸ್ ತುಂಬಿದ್ದು.

ಖಾಲಿ ಬಾಟಲಿ ಒಂದು ಸದಾ ಬ್ಯಾಗಿನಲ್ಲಿರಲಿ. ರೋಮ್‌ನ ಬೀದಿಗಳಲ್ಲಿ ‘ನಾಸೋನಿ’ ಅನ್ನುವ ಸುಮಾರು 2,500 ಸಾರ್ವಜನಿಕ ನಲ್ಲಿಗಳಿವೆ, ತಣ್ಣನೆಯ ಕುಡಿಯುವ ನೀರು ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ. ನಲ್ಲಿ ನೀರು ಎಲ್ಲ ದೇಶದಲ್ಲೂ ಕುಡಿಯಲು ಯೋಗ್ಯವಲ್ಲ, ಅದನ್ನು ಹೋಗುವ ಮುಂಚೆಯೇ ತಿಳಿದುಕೊಳ್ಳಿ. ಬಿಯರು, ವೈನು ಬೇಕೆನ್ನುವವರು ಹ್ಯಾಪಿ ಅವರ್, ಅಂದರೆ ಡ್ರಿಂಕ್ ಕಡಿಮೆ ಬೆಲೆಗೆ ಸಿಗುವ ಹೊತ್ತು, ನೋಡಿಕೊಳ್ಳಿ. ಸ್ಪೇನ್‌ನ ಗ್ರನಾಡದಲ್ಲಿ ಒಂದು ಡ್ರಿಂಕ್ ತಗೊಂಡರೆ ಜೊತೆಗೊಂದು ತಿನಿಸಿನ ತಟ್ಟೆ ಉಚಿತ. ಹಾಗೇ ಎರಡು ಮೂರು ಕಡೆ ಸುತ್ತಿ ರಾತ್ರಿ ಊಟ ಮುಗಿಸುವವರಿದ್ದಾರೆ.

ಹಂತ 6: ಆರ್ಡರ್ ಕಡಿಮೆಯಿಂದ ಶುರು ಮಾಡಿ

ಹಸಿದಾಗ ಕಣ್ಣು ದೊಡ್ಡದು, ಹೊಟ್ಟೆ ಸಣ್ಣದು. ಪಕ್ಕದ ಮೇಜಿಗೆ ಬಂದ ತಟ್ಟೆಯ ಗಾತ್ರ ನೋಡಿ ಆಮೇಲೆ ಹೇಳಿ. ನಾಲ್ಕು ಜನಕ್ಕೆ ಮೂರು ತಟ್ಟೆ, ಸಾಲದಿದ್ದರೆ ಇನ್ನೊಂದು. ಹಂಚಿಕೊಂಡು ತಿಂದರೆ ಕೆಲವು ಕಡೆ, ಮುಖ್ಯವಾಗಿ ಅಮೆರಿಕದಲ್ಲಿ, ತಟ್ಟೆ ಹಂಚುವ ಚಾರ್ಜ್ ಇರುತ್ತದೆ. ಮೆನುವಿನಲ್ಲಿ ಅದನ್ನೂ ನೋಡಿ. ಅಲ್ಲಿ ಉಳಿದದ್ದನ್ನು ಡಬ್ಬಿಗೆ ಹಾಕಿಸಿಕೊಂಡು ಹೋಗುವುದು ಮಾಮೂಲಿ, ಯಾರೂ ಹುಬ್ಬೇರಿಸುವುದಿಲ್ಲ.

ಹಂತ 7: ರಾತ್ರಿ ಹಗುರ

ಮಧ್ಯಾಹ್ನ ಚೆನ್ನಾಗಿ ಉಂಡಿದ್ದರೆ ರಾತ್ರಿಗೆ ದೊಡ್ಡ ಏರ್ಪಾಡು ಬೇಕಿಲ್ಲ. ಜಪಾನ್‌ನ ಸೂಪರ್‌ಮಾರ್ಕೆಟ್‌ಗಳಲ್ಲಿ, ದೊಡ್ಡ ಮಳಿಗೆಗಳ ನೆಲಮಾಳಿಗೆಯ ಊಟದ ವಿಭಾಗಗಳಲ್ಲಿ ಸಂಜೆ ಮುಚ್ಚುವ ಹೊತ್ತಿಗೆ ಸಿಬ್ಬಂದಿ ಸ್ಟಿಕ್ಕರ್ ಹಿಡಿದು ಬರುತ್ತಾರೆ. ಅದೇ ದಿನ ತಯಾರಾದ ಊಟದ ಡಬ್ಬಿಗಳ ಮೇಲೆ ಮೊದಲು ಸ್ವಲ್ಪ ಕಡಿತ, ಕೊನೆಗೆ ಅರ್ಧ ಬೆಲೆ. ಬುಟ್ಟಿ ಹಿಡಿದು ಸುತ್ತಮುತ್ತ ಸುಳಿದಾಡುವ ಸ್ಥಳೀಯರನ್ನು ಕಂಡರೆ ಸ್ಟಿಕ್ಕರ್ ಬರುವ ಹೊತ್ತಾಯಿತು ಅಂತ ತಿಳಿಯಿರಿ. ಯುರೋಪ್‌ನಲ್ಲಿ ಡೆನ್ಮಾರ್ಕ್‌ನಿಂದ ಶುರುವಾದ ‘ಟೂ ಗುಡ್ ಟು ಗೋ’ ಆ್ಯಪ್ ಇದೆ. ಬೇಕರಿ, ರೆಸ್ಟೋರೆಂಟ್‌ಗಳು ದಿನದ ಕೊನೆಗೆ ಉಳಿದದ್ದನ್ನು ಒಂದು ಚೀಲಕ್ಕೆ ಹಾಕಿ ಕಡಿಮೆ ಬೆಲೆಗೆ ಮಾರುತ್ತವೆ. ಒಳಗೆ ಏನಿದೆ ಅಂತ ಮೊದಲು ಗೊತ್ತಾಗುವುದಿಲ್ಲ. ಸಸ್ಯಾಹಾರಿಗಳು, ಅಲರ್ಜಿ ಇರುವವರು ನೋಡಿಕೊಂಡು ತಗೊಳ್ಳಿ.

ಹಂತ 8: ಏರ್‌ಪೋರ್ಟ್ ದಿನ

ಖಾಲಿ ಬಾಟಲಿ ಸೆಕ್ಯುರಿಟಿ ದಾಟುತ್ತದೆ, ಒಳಗೆ ತುಂಬಿಸಿಕೊಳ್ಳಬಹುದು. ಗಟ್ಟಿ ತಿನಿಸುಗಳನ್ನೂ ಸಾಮಾನ್ಯವಾಗಿ ಬಿಡುತ್ತಾರೆ. ಬಹುತೇಕ ಕಡೆ 100 ಮಿಲಿ ಮಿತಿ ಅನ್ವಯಿಸುವುದು ನೀರು, ಮೊಸರು, ಚಟ್ನಿಯಂಥ ತೆಳ್ಳಗಿನವಕ್ಕೆ. ಅಗ್ಗದ ವಿಮಾನದಲ್ಲಿ ಊಟ ಬೇಕೇಬೇಕಿದ್ದರೆ ಟಿಕೆಟ್ ಜೊತೆಗೇ ಬುಕ್ ಮಾಡಿ, ಒಳಗೆ ಕೊಳ್ಳುವುದಕ್ಕಿಂತ ಸಾಮಾನ್ಯವಾಗಿ ಕಡಿಮೆ. ಆದರೆ ಉಳಿದ ಹಣ್ಣು, ಮಾಂಸ, ಬೀಜಗಳನ್ನು ಹಿಡಿದು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಇಳಿಯಬೇಡಿ. ಘೋಷಿಸದೆ ಸಿಕ್ಕಿಬಿದ್ದರೆ, ಒಂದೇ ಒಂದು ಸೇಬಾದರೂ, ಸ್ಥಳದಲ್ಲೇ ದಂಡ.

ಹಂತ 9: ಬಿಲ್ ಕಟ್ಟುವ ಮುಂಚೆ

ಬಿಲ್ಲನ್ನು ಸಾಲು ಸಾಲಾಗಿ ಓದಿ. ಎಷ್ಟು ತಟ್ಟೆ, ಎಷ್ಟು ಡ್ರಿಂಕ್, ಎಷ್ಟು ತಲೆ. ಆಮೇಲೆ ‘ಸರ್ವಿಸ್’ ಅನ್ನುವ ಸಾಲು ಹುಡುಕಿ. ಅದು ಇದ್ದರೆ ಮತ್ತೆ ಟಿಪ್ ಕೊಡಬೇಕಿಲ್ಲ. ಲಂಡನ್‌ನಲ್ಲಿ ಶೇ. 12.5ರ ಸಾಲು ತಾನಾಗಿ ಸೇರಿರುವುದು ಸಾಮಾನ್ಯ. ಪಕ್ಕದಲ್ಲಿ ಅದು ಐಚ್ಛಿಕ ಅಂತ ಬರೆದಿದ್ದರೆ ಸೇವೆ ಚೆನ್ನಾಗಿಲ್ಲದಾಗ ತೆಗೆಯಲು ಹೇಳಬಹುದು. ಅಮೆರಿಕದಲ್ಲಿ ಐದಾರು ಜನಕ್ಕಿಂತ ದೊಡ್ಡ ಗುಂಪಿಗೆ ಟಿಪ್ಪನ್ನು ಬಿಲ್ಲಿಗೇ ಸೇರಿಸುವ ಕಡೆಗಳಿವೆ. ಅದನ್ನು ಗಮನಿಸದೆ ಎರಡು ಸಲ ಕೊಡುವವರು ಬಹಳ. ಹಾಗಂತ ಅಲ್ಲಿ ಟಿಪ್ಪಿನಲ್ಲೇ ಉಳಿಸಲು ಹೋಗಬೇಡಿ. ಬಡಿಸುವವರ ಸಂಪಾದನೆಯ ದೊಡ್ಡ ಪಾಲು ಅದೇ. ಅದು ಭಾರ ಅನ್ನಿಸಿದರೆ ಕೌಂಟರಿನಲ್ಲಿ ತಗೊಂಡು ತಿನ್ನುವ ಕಡೆ ಹೋಗಿ.

ಕೊನೆಗೆ ಕಾರ್ಡ್ ಮೆಷಿನ್. ‘ನಿಮ್ಮ ದೇಶದ ಕರೆನ್ಸಿಯಲ್ಲಿ ಕಟ್ಟುತ್ತೀರಾ, ಇಲ್ಲಿಯದರಲ್ಲಾ?’ ಅಂತ ಪರದೆಯ ಮೇಲೆ ಕೇಳುತ್ತದೆ. ನಮ್ಮ ಕರೆನ್ಸಿ ಕಂಡ ಕೂಡಲೇ ಸಮಾಧಾನ ಆಗಿ ಅದನ್ನೇ ಒತ್ತುತ್ತೇವೆ, ಅಲ್ವಾ? ಅದೇ ದುಬಾರಿ. ಆ ಪರಿವರ್ತನೆಯ ದರವನ್ನು ನಿಮ್ಮ ಬ್ಯಾಂಕ್ ಅಲ್ಲ, ಮೆಷಿನ್ ಕಡೆಯವರು ಹಾಕುತ್ತಾರೆ, ಅದರಲ್ಲಿ ಅವರ ಲಾಭವೂ ಸೇರಿರುತ್ತದೆ. ಯಾವಾಗಲೂ ಆ ದೇಶದ ಕರೆನ್ಸಿಯನ್ನೇ ಆರಿಸಿ. ಎಷ್ಟೋ ಸಲ ಮೆಷಿನ್ ನಿಮ್ಮ ಕೈಗೆ ಬರುವ ಮುಂಚೆಯೇ ಬಡಿಸುವವರು ಗುಂಡಿ ಒತ್ತಿರುತ್ತಾರೆ. ರಸೀದಿಯಲ್ಲಿ ನಿಮ್ಮ ಕರೆನ್ಸಿ ಕಂಡರೆ ಅಲ್ಲೇ, ಎದ್ದು ಹೋಗುವ ಮುಂಚೆಯೇ, ಆ ವ್ಯವಹಾರ ರದ್ದು ಮಾಡಿಸಿ ಅವರ ಕರೆನ್ಸಿಯಲ್ಲಿ ಮತ್ತೆ ಮಾಡಿಸಿಕೊಳ್ಳಿ.